ಕಂಪ್ಯೂಟರ್ ಬೆಳೆಯುವುದು ಒಳಗೋ, ಹೊರಗೋ?

ಮಕ್ಕಳೇ, ನಿಮ್ಮ ಶಾಲೆಯಲ್ಲೋ, ಊರಿನ ಗ್ರಾಮ ಪಂಚಾಯಿತಿ ಕಚೇರಿಯಲ್ಲೋ ಮೇಜಿನ ಮೇಲೆ ಇಡುವ ಕಂಪ್ಯೂಟರ್ ಇದೆಯೇ? ಇದ್ದರೆ ಒಮ್ಮೆ ಅದರ ಹಿಂಭಾಗವನ್ನು ನೋಡಿ. ಪರದೆಯ ಹಿಂಭಾಗವಲ್ಲ, ಪಕ್ಕದಲ್ಲಿ ನಿಂತಿರುವ ತಗಡಿನ ಪೆಟ್ಟಿಗೆಯ ಹಿಂಭಾಗ. ಈ ಪೆಟ್ಟಿಗೆಗೆ ಕ್ಯಾಬಿನೆಟ್ ಎನ್ನುತ್ತಾರೆ. ಕೀಲಿಮಣೆ, ಮೌಸ್, ಪರದೆ, ಪ್ರಿಂಟರ್ ಇವುಗಳ ವೈರುಗಳು ಬಂದು ಸೇರುವುದು ಇಲ್ಲಿಯೇ. ಅವುಗಳ ಕೆಳಗೆ ಬೆರಳಿನಷ್ಟು ಅಗಲದ ತಗಡಿನ ಪಟ್ಟಿಗಳು ಒಂದರ ಕೆಳಗೊಂದು ಸಾಲಾಗಿ ಕಾಣುತ್ತವೆ. ಅವುಗಳಿಗೆ ಯಾವ ವೈರೂ ಸೇರಿಲ್ಲ. ಅವು ಯಾವ ಕೆಲಸವನ್ನೂ ಮಾಡುತ್ತಿರುವಂತೆ ಕಾಣುವುದಿಲ್ಲ. ಹಾಗಾದರೆ ಅವುಗಳನ್ನು ಅಲ್ಲಿ ಏಕೆ ಇಟ್ಟಿದ್ದಾರೆ?

ಈ ಪಟ್ಟಿಗಳು ಮುಚ್ಚಿದ ಕಿಟಕಿಗಳು. ಪ್ರತಿಯೊಂದರ ಹಿಂದೆ, ಪೆಟ್ಟಿಗೆಯ ಒಳಗೆ, ಒಂದಿಷ್ಟು ಖಾಲಿ ಜಾಗವಿದೆ. ಅಲ್ಲಿ ಮದರ್‌ಬೋರ್ಡ್ ಎಂಬ ದೊಡ್ಡ ಹಲಗೆಯ ಮೇಲೆ ಉದ್ದನೆಯ ಸೀಳುಗಳಿರುತ್ತವೆ. ಇವುಗಳ ಹೆಸರು ಸ್ಲಾಟ್. ಕಂಪ್ಯೂಟರಿಗೆ ಹೊಸದೊಂದು ಸಾಮರ್ಥ್ಯ ಬೇಕಾದಾಗ ಅದಕ್ಕೆ ತಕ್ಕ ಕಾರ್ಡನ್ನು ಕೊಂಡು ತಂದು ಈ ಸೀಳಿನಲ್ಲಿ ಸಿಕ್ಕಿಸುತ್ತಾರೆ. ಚಿತ್ರಗಳನ್ನು ವೇಗವಾಗಿ ಮೂಡಿಸಲು ಗ್ರಾಫಿಕ್ಸ್ ಕಾರ್ಡ್, ಧ್ವನಿಗಾಗಿ ಸೌಂಡ್ ಕಾರ್ಡ್, ಹೀಗೆ. ಆಗ ಹಿಂಭಾಗದ ತಗಡಿನ ಪಟ್ಟಿಯನ್ನು ತೆಗೆದುಹಾಕುತ್ತಾರೆ. ಆ ಕಿಟಕಿಯಿಂದ ಕಾರ್ಡಿನ ತುದಿ ಹೊರಗೆ ಇಣುಕುತ್ತದೆ.

ಕಂಪ್ಯೂಟರನ್ನು ಬೆಳೆಸಲು ಇನ್ನೊಂದು ದಾರಿಯೂ ಇದೆ. ಅದು ನಿಮಗೆ ಚೆನ್ನಾಗಿ ಗೊತ್ತು. ಪೆನ್‌ಡ್ರೈವ್ ತಂದು ಚುಚ್ಚುತ್ತೀರಿ. ಪೆಟ್ಟಿಗೆಯನ್ನು ಬಿಚ್ಚಬೇಕಾಗಿಲ್ಲ, ಸ್ಕ್ರೂ ಡ್ರೈವರ್ ಬೇಕಾಗಿಲ್ಲ. ಹೊರಗಿನ ತೂತಿಗೆ, ಅಂದರೆ ಪೋರ್ಟಿಗೆ ಸಿಕ್ಕಿಸಿದರೆ ಸಾಕು.

ಮನೆಗೆ ಇನ್ನಷ್ಟು ಜಾಗ ಬೇಕೆನಿಸಿದಾಗಲೂ ಹೀಗೆಯೇ ಅಲ್ಲವೇ? ಮನೆ ಕಟ್ಟುವಾಗಲೇ ಒಂದು ಕೋಣೆಯನ್ನು ಖಾಲಿ ಬಿಟ್ಟಿರಬಹುದು. ಇಲ್ಲವೇ ಹಿತ್ತಿಲಿನಲ್ಲಿ ಬೇರೆಯಾಗಿ ಒಂದು ಶೆಡ್ಡು ಹಾಕಬಹುದು. ಮೊದಲನೆಯದಕ್ಕೆ ಮನೆಯನ್ನೇ ದೊಡ್ಡದಾಗಿ ಕಟ್ಟಬೇಕು. ಎರಡನೆಯದಾದರೆ ಮನೆ ಚಿಕ್ಕದಿದ್ದರೂ ಸಾಕು, ಆದರೆ ಮಳೆಯಲ್ಲಿ ನೆನೆಯುತ್ತಾ ಓಡಾಡಬೇಕು.

ಒಳಗೆ ಬೆಳೆಸುವುದೋ, ಹೊರಗೆ ಬೆಳೆಸುವುದೋ ಎಂಬುದು ಸುಲಭದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕಂಪ್ಯೂಟರ್ ವಿನ್ಯಾಸ ಮಾಡುವವರಲ್ಲಿ ಇದರ ಬಗ್ಗೆ 1970ರ ದಶಕದಿಂದಲೂ ವಾದ ನಡೆಯುತ್ತಲೇ ಬಂದಿದೆ. ಅದರಲ್ಲೂ ಸಿನಿಮಾ ಸಂಕಲನ ಮಾಡುವವರು, ಹಾಡು ಧ್ವನಿಮುದ್ರಿಸುವವರು, ಸೇತುವೆ ಮತ್ತು ಯಂತ್ರಗಳ ನಕ್ಷೆ ತಯಾರಿಸುವವರು ಬಳಸುವ ದೊಡ್ಡ ಕಂಪ್ಯೂಟರುಗಳಿವೆಯಲ್ಲ, ಅವುಗಳಲ್ಲಿ ಈ ಪ್ರಶ್ನೆ ತುಂಬಾ ಮುಖ್ಯ. ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡ ಯಂತ್ರ ಎಂಟು ಹತ್ತು ವರ್ಷ ದುಡಿಯುತ್ತದೆಯೋ, ಮೂರೇ ವರ್ಷಕ್ಕೆ ಹಳತಾಗುತ್ತದೆಯೋ ಎಂಬುದು ಬಹುಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ.

ಹತ್ತಿರವಿದ್ದರೆ ಏನು ಲಾಭ?

ಮೊದಲು ಒಂದು ಚಿಕ್ಕ ಪ್ರಯೋಗ. ಗೆಳೆಯನ ಪಕ್ಕದಲ್ಲಿ ನಿಂತು ಒಂದರಿಂದ ಇಪ್ಪತ್ತರವರೆಗೆ ಆದಷ್ಟು ಬೇಗ ಎಣಿಸಿ. ಅವನಿಗೆ ಎಲ್ಲ ಅಂಕಿಗಳೂ ಸ್ಪಷ್ಟವಾಗಿ ಕೇಳುತ್ತವೆ. ಈಗ ಆಟದ ಮೈದಾನದ ಆ ಕೊನೆಗೆ ಅವನನ್ನು ಕಳುಹಿಸಿ, ಅಷ್ಟೇ ವೇಗದಲ್ಲಿ ಕೂಗಿ ಹೇಳಿ. ಅಂಕಿಗಳು ಒಂದರೊಳಗೊಂದು ಬೆರೆತು ಗದ್ದಲವಾಗುತ್ತದೆ. ದೂರದಲ್ಲಿರುವವನಿಗೆ ಅರ್ಥವಾಗಬೇಕಾದರೆ ಒಂದೊಂದೇ ಅಂಕಿಯನ್ನು ಬಿಡಿಸಿ, ನಿಧಾನವಾಗಿ, ಜೋರಾಗಿ ಹೇಳಬೇಕು.

ಕಂಪ್ಯೂಟರಿನಲ್ಲೂ ಹೀಗೆಯೇ ಆಗುತ್ತದೆ. ಅದರ ಭಾಗಗಳು ಮಾತನಾಡುವುದು ಎರಡೇ ಅಂಕಿಗಳಲ್ಲಿ, ಸೊನ್ನೆ ಮತ್ತು ಒಂದು. ಇಂತಹ ಒಂದು ಅಂಕಿಗೆ ಬಿಟ್ ಎನ್ನುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹತ್ತು ಲಕ್ಷ ಬೈಟ್‌ಗೆ ಒಂದು ಮೆಗಾಬೈಟ್. ಸಾವಿರ ಮೆಗಾಬೈಟ್‌ಗೆ ಒಂದು ಗಿಗಾಬೈಟ್. ಇಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕ ಮಾಡಲು ಬೇಕಾಗುತ್ತದೆ.

ಮದರ್‌ಬೋರ್ಡಿನ ಸ್ಲಾಟುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಪಿಸಿಐ ಎಕ್ಸ್‌ಪ್ರೆಸ್ ಎಂಬ ಬಗೆ. ಇದರ ಮೊದಲ ನಿಯಮಾವಳಿ ಬಂದದ್ದು 2003ರಲ್ಲಿ. ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದ ಸ್ಲಾಟಿನಲ್ಲಿ 16 ದಾರಿಗಳಿರುತ್ತವೆ, ಹದಿನಾರು ಸಾಲಿನ ಹೆದ್ದಾರಿ ಇದ್ದ ಹಾಗೆ. ಇದರ ಮೂರನೆಯ ಪೀಳಿಗೆಯಲ್ಲಿ ಒಂದೊಂದು ದಾರಿಯಲ್ಲೂ ಸೆಕೆಂಡಿಗೆ 800 ಕೋಟಿ ಬಿಟ್‌ಗಳು ಹರಿಯುತ್ತವೆ. ತಾಮ್ರದ ಗೆರೆಯ ಮೇಲೆ ವಿದ್ಯುತ್ ಸಂಕೇತ ಎಷ್ಟೇ ವೇಗವಾಗಿ ಓಡಿದರೂ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಅದು ಸಾಗುವುದು ಸುಮಾರು 15 ಸೆಂಟಿಮೀಟರ್ ಮಾತ್ರ. ಅಷ್ಟರೊಳಗೆ ಎಂಟು ಬಿಟ್‌ಗಳು ಹೊರಟಿರುತ್ತವೆ. ಅಂದರೆ ಒಂದೊಂದು ಬಿಟ್ ಆ ಗೆರೆಯ ಮೇಲೆ ಎರಡು ಸೆಂಟಿಮೀಟರಿಗಿಂತಲೂ ಕಡಿಮೆ ಜಾಗ ಹಿಡಿಯುತ್ತದೆ! ಇರುವೆ ಸಾಲಿನಂತೆ ಒಂದರ ಹಿಂದೊಂದು ಒತ್ತಿಕೊಂಡು ಅವು ಹೋಗುತ್ತಿರುತ್ತವೆ. ತಂತಿ ಉದ್ದವಾದಂತೆ ಸಂಕೇತಗಳು ಕ್ಷೀಣಿಸುತ್ತವೆ, ಅಂಚು ಕಳೆದುಕೊಳ್ಳುತ್ತವೆ, ಪಕ್ಕದ ಬಿಟ್‌ನೊಂದಿಗೆ ಬೆರೆಯುತ್ತವೆ. ಮೈದಾನದ ಆ ಕೊನೆಯಲ್ಲಿ ನಿಂತ ನಿಮ್ಮ ಗೆಳೆಯನ ಪಾಡೇ ಆಗುತ್ತದೆ.

ಆದ್ದರಿಂದಲೇ ಅತಿ ವೇಗ ಬೇಕಾದ ಭಾಗಗಳನ್ನು ಪ್ರೊಸೆಸರಿನ ಹತ್ತಿರ, ಪೆಟ್ಟಿಗೆಯ ಒಳಗೆ ಇಡುತ್ತಾರೆ. ಹೊರಗೆ ಹೋಗುವ ಕೇಬಲಿನಲ್ಲಿ 16 ದಾರಿಗಳನ್ನು ಹಾಕಿದರೆ ಅದು ಹಗ್ಗದಷ್ಟು ದಪ್ಪವಾದೀತು. ಹಾಗಾಗಿ ದಾರಿಗಳನ್ನು ಕಡಿಮೆ ಮಾಡುತ್ತಾರೆ. 2011ರಲ್ಲಿ ಬಂದ ಥಂಡರ್‌ಬೋಲ್ಟ್ ಎಂಬ ಕೇಬಲಿನ ಎರಡೂ ತುದಿಗಳ ಒಳಗೆ ಪುಟ್ಟ ಚಿಪ್‌ಗಳಿದ್ದವು. ಸೊರಗಿದ ಸಂಕೇತವನ್ನು ತಿದ್ದಿ ಚುರುಕಾಗಿಸುವುದು ಅವುಗಳ ಕೆಲಸ. ಬರೀ ವೈರು ಎಂದುಕೊಂಡು ಬೆಲೆ ಕೇಳಿದವರು ಬೆಚ್ಚಿಬೀಳಲು ಇದೂ ಒಂದು ಕಾರಣ.

ಈಗ ಲೆಕ್ಕ ಮಾಡೋಣ

ಸಿನಿಮಾ ಸಂಕಲನ ಮಾಡುವವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇಂದಿನ ಒಂದು ಬಗೆಯ ಸ್ಪಷ್ಟ ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿಗಳಿರುತ್ತವೆ. ಗುಣಿಸಿದರೆ 82,94,400 ಚುಕ್ಕಿಗಳು. ಪ್ರತಿ ಚುಕ್ಕಿಯಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಹೇಳಲು ಕನಿಷ್ಠ ಮೂರು ಬೈಟ್ ಬೇಕು. ಹಾಗಾದರೆ ಒಂದೇ ಒಂದು ಚಿತ್ರಕ್ಕೆ ಸುಮಾರು 25 ಮೆಗಾಬೈಟ್. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. 25ನ್ನು 24ರಿಂದ ಗುಣಿಸಿ. ಸೆಕೆಂಡಿಗೆ ಸುಮಾರು 600 ಮೆಗಾಬೈಟ್!

ನಿಮ್ಮ ಶಾಲೆಯ ಕಂಪ್ಯೂಟರ್ ಹಳೆಯದಾಗಿದ್ದರೆ ಅದರಲ್ಲಿ ಯುಎಸ್‌ಬಿ 2.0 ಪೋರ್ಟ್ ಇರುತ್ತದೆ. ಈ ಬಗೆ ಬಂದದ್ದು 2000ದಲ್ಲಿ. ಇದರ ಗರಿಷ್ಠ ವೇಗ ಸೆಕೆಂಡಿಗೆ 48 ಕೋಟಿ ಬಿಟ್. ಎಂಟರಿಂದ ಭಾಗಿಸಿದರೆ 60 ಮೆಗಾಬೈಟ್. ಆದ್ದರಿಂದ ಒಂದು ಸೆಕೆಂಡಿನ ಸಿನಿಮಾ ಈ ದಾರಿಯಲ್ಲಿ ಸಾಗಲು ಹತ್ತು ಸೆಕೆಂಡ್ ಬೇಕು. ನಾಯಕ ಓಡಿದರೆ ತೆವಳಿದಂತೆ ಕಾಣುತ್ತದೆ.

ಥಂಡರ್‌ಬೋಲ್ಟ್‌ನ ಎರಡನೆಯ ಪೀಳಿಗೆಯ ವೇಗ ಸೆಕೆಂಡಿಗೆ 2000 ಕೋಟಿ ಬಿಟ್, ಅಂದರೆ 2500 ಮೆಗಾಬೈಟ್. ಇದು ಸಿನಿಮಾಕ್ಕೆ ಧಾರಾಳವಾಗಿ ಸಾಕು. ಒಮ್ಮೆಗೆ ಅಂತಹ ನಾಲ್ಕು ದೃಶ್ಯಗಳನ್ನು ಓಡಿಸಬಹುದು. ಆದರೆ ಪೆಟ್ಟಿಗೆಯೊಳಗಿನ 16 ದಾರಿಯ ಸ್ಲಾಟಿನ ವೇಗ ಎಷ್ಟು ಗೊತ್ತೇ? ಮೂರನೆಯ ಪೀಳಿಗೆಯದಾದರೆ ಸೆಕೆಂಡಿಗೆ ಸುಮಾರು 16,000 ಮೆಗಾಬೈಟ್. ಆರು ಪಟ್ಟಿಗೂ ಹೆಚ್ಚು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಎಲ್ಲ ಸಲಕರಣೆಗೂ ಇಷ್ಟು ವೇಗ ಬೇಕಾಗಿಲ್ಲ. ಕೀಲಿಮಣೆಯಲ್ಲಿ ನೀವು ಎಷ್ಟೇ ಬೇಗ ಅಕ್ಷರ ಒತ್ತಿದರೂ ಸೆಕೆಂಡಿಗೆ ಕೆಲವೇ ಬೈಟ್. ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಕೊಡಬಲ್ಲದ್ದು ಸೆಕೆಂಡಿಗೆ ಸುಮಾರು 200 ಮೆಗಾಬೈಟ್. ಇಂಥದ್ದನ್ನು ಹೊರಗೆ ಇಟ್ಟರೆ ಏನೂ ನಷ್ಟವಿಲ್ಲ. ಸೈಕಲ್ ಓಡಿಸುವವನಿಗೆ ಹದಿನಾರು ಸಾಲಿನ ಹೆದ್ದಾರಿ ಏಕೆ ಬೇಕು? ಆದರೆ ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರಿನೊಂದಿಗೆ ಕ್ಷಣಕ್ಷಣಕ್ಕೂ ರಾಶಿರಾಶಿ ಮಾಹಿತಿಯನ್ನು ಕೊಟ್ಟು ತೆಗೆದುಕೊಳ್ಳುವ ಸಾಧನ. ಅದನ್ನು ಹಿತ್ತಿಲಿನ ಶೆಡ್ಡಿಗೆ ಕಳುಹಿಸಿದರೆ ಕೆಲಸ ಕುಂಟುತ್ತದೆ.

ಎಂಟು ಬೇಕು, ಎರಡು ಸಾಕು

ಈ ವಾದ ಮೊದಲು ಜೋರಾಗಿ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಆಪಲ್ ಎಂಬ ಆಗಿನ್ನೂ ಪುಟ್ಟದಾಗಿದ್ದ ಕಂಪನಿಯಲ್ಲಿ. ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಇಬ್ಬರೂ ಅದರ ಸ್ಥಾಪಕರು. 1977ರಲ್ಲಿ ಹೊರಬಂದ ಆಪಲ್ 2 ಕಂಪ್ಯೂಟರನ್ನು ವಿನ್ಯಾಸ ಮಾಡಿದವರು ವೋಜ್ನಿಯಾಕ್. ಅದರಲ್ಲಿ ಎಂಟು ಸ್ಲಾಟ್ ಇರಬೇಕು ಎಂಬುದು ಅವರ ಹಟ. ಜನರು ಹೆಚ್ಚೆಂದರೆ ಒಂದು ಪ್ರಿಂಟರ್, ಒಂದು ಮೋಡೆಮ್ ಜೋಡಿಸಿಕೊಳ್ಳುತ್ತಾರೆ, ಎರಡು ಸ್ಲಾಟ್ ಸಾಕು ಎಂಬುದು ಜಾಬ್ಸ್ ಅವರ ವಾದ. ಕಡಿಮೆ ಸ್ಲಾಟ್ ಇದ್ದರೆ ಖರ್ಚು ಕಡಿಮೆ, ಪೆಟ್ಟಿಗೆಯೂ ಅಚ್ಚುಕಟ್ಟು. ಅದೂ ನಿಜವೇ. ಎರಡೇ ಬೇಕಾದರೆ ಬೇರೆ ಕಂಪ್ಯೂಟರ್ ಹುಡುಕಿಕೊಳ್ಳಿ ಎಂದು ವೋಜ್ನಿಯಾಕ್ ಪಟ್ಟು ಹಿಡಿದರು, ಕೊನೆಗೆ ಎಂಟು ಸ್ಲಾಟುಗಳೇ ಉಳಿದವು.

ಮುಂದೆ ಏನಾಯಿತು ಎಂಬುದು ಸ್ವಾರಸ್ಯಕರ. 1978ರಲ್ಲಿ ವೋಜ್ನಿಯಾಕ್ ಅವರೇ ಅದಕ್ಕೊಂದು ಫ್ಲಾಪಿ ಡಿಸ್ಕ್ ಡ್ರೈವ್ ರೂಪಿಸಿದರು. ಡ್ರೈವ್ ಇದ್ದದ್ದು ಹೊರಗೆ, ಬೇರೆ ಪೆಟ್ಟಿಗೆಯಲ್ಲಿ. ಅದನ್ನು ನಡೆಸುವ ಕಾರ್ಡ್ ಇದ್ದದ್ದು ಒಳಗೆ, ಸ್ಲಾಟಿನಲ್ಲಿ. ಅರ್ಧ ಒಳಗೆ, ಅರ್ಧ ಹೊರಗೆ! ಅಲ್ಲಿಯವರೆಗೆ ಜನರು ಕ್ಯಾಸೆಟ್ ಟೇಪಿನಲ್ಲಿ ಮಾಹಿತಿ ಉಳಿಸುತ್ತಿದ್ದರು. 1980ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇನ್ನೊಂದು ಕಾರ್ಡ್ ತಂದಿತು. ಅದರ ಮೇಲೆ ಬೇರೊಂದು ಜಾತಿಯ ಪ್ರೊಸೆಸರೇ ಇತ್ತು. ಸ್ಲಾಟಿಗೆ ಸಿಕ್ಕಿಸಿದರೆ ಆಪಲ್ 2 ತನ್ನದಲ್ಲದ ಪ್ರೋಗ್ರಾಮುಗಳನ್ನೂ ನಡೆಸುತ್ತಿತ್ತು. ಇಂಥ ಕಾರ್ಡ್ ಬರುತ್ತದೆ ಎಂದು 1977ರಲ್ಲಿ ಯಾರೂ ಎಣಿಸಿರಲಿಲ್ಲ. ಖಾಲಿ ಸ್ಲಾಟಿನ ಗುಣವೇ ಅದು. ಕಂಪ್ಯೂಟರ್ ಕಟ್ಟಿದವನಿಗೂ ಹೊಳೆಯದ ಕೆಲಸಕ್ಕೆ ಅದು ಜಾಗ ಕೊಡುತ್ತದೆ. ಆಪಲ್ 2 ಮತ್ತು ಅದರ ಸುಧಾರಿಸಿದ ಮಾದರಿಗಳು 1993ರವರೆಗೂ ಮಾರಾಟವಾದವು. 1981ರಲ್ಲಿ ಬಂದ ಐಬಿಎಂ ಕಂಪನಿಯ ಪಿಸಿಯಲ್ಲೂ ಐದು ಸ್ಲಾಟುಗಳಿದ್ದವು. ನಮ್ಮ ಶಾಲೆ, ಕಚೇರಿಗಳ ಹೆಚ್ಚಿನ ಕ್ಯಾಬಿನೆಟ್‌ಗಳು ಈ ಪಿಸಿಯ ವಂಶದವೇ.

ಆದರೆ 1984ರ ಜನವರಿಯಲ್ಲಿ ಆಪಲ್ ಹೊರತಂದ ಮ್ಯಾಕಿಂಟಾಷ್‌ನಲ್ಲಿ ಒಂದೂ ಸ್ಲಾಟ್ ಇರಲಿಲ್ಲ. ಪೆಟ್ಟಿಗೆಯನ್ನು ಬಳಕೆದಾರರು ಬಿಚ್ಚುವುದೇ ಬೇಡ ಎಂಬುದು ಅದನ್ನು ರೂಪಿಸಿದವರ ಆಲೋಚನೆ. ಬಿಚ್ಚಲು ಮಾಮೂಲಿ ಸ್ಕ್ರೂ ಡ್ರೈವರ್ ಸಾಲುತ್ತಿರಲಿಲ್ಲ, ನಕ್ಷತ್ರದಾಕಾರದ ತುದಿಯ, ಉದ್ದನೆಯ ಹಿಡಿಯ ಸ್ಕ್ರೂ ಡ್ರೈವರ್ ಬೇಕಿತ್ತು. ಅದರ ಮೆಮೊರಿ 128 ಕಿಲೋಬೈಟ್. ಅದು ತೀರ ಕಡಿಮೆಯೆಂದು ಬೇಗನೆ ತಿಳಿಯಿತು. ಒಂದೇ ಡ್ರೈವ್ ಇದ್ದವರು ಒಂದು ಫ್ಲಾಪಿಯನ್ನು ನಕಲು ಮಾಡಬೇಕಾದರೆ ಎರಡು ಫ್ಲಾಪಿಗಳನ್ನು ಮತ್ತೆ ಮತ್ತೆ ಹೊರತೆಗೆದು ಒಳತುರುಕುತ್ತಾ ಕೂರಬೇಕಿತ್ತು. ಹಲಗೆಯ ವಿನ್ಯಾಸ ಮಾಡಿದ ಬರೆಲ್ ಸ್ಮಿತ್ ಜಾಣರು. ಮುಂದೆ ದೊಡ್ಡ ಮೆಮೊರಿ ಚಿಪ್ ಬಂದಾಗ ಅವುಗಳನ್ನು ಅದೇ ಜಾಗದಲ್ಲಿ ಕೂರಿಸಲು ಬೇಕಾದ ಏರ್ಪಾಡನ್ನು ಹಲಗೆಯಲ್ಲಿ ಮೊದಲೇ ಮಾಡಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ 512 ಕಿಲೋಬೈಟಿನ ಮಾದರಿ ಹೊರಬಂತು.

1986ರ ಮ್ಯಾಕಿಂಟಾಷ್ ಪ್ಲಸ್‌ಗೆ ಹಿಂಬದಿಯಲ್ಲಿ ಸ್ಕಸಿ ಎಂಬ ಪೋರ್ಟ್ ಬಂತು. ಹಾರ್ಡ್ ಡಿಸ್ಕ್ ಮುಂತಾದ ಏಳು ಸಾಧನಗಳನ್ನು ಅದಕ್ಕೆ ಸರಪಳಿಯಂತೆ ಒಂದಕ್ಕೊಂದು ಜೋಡಿಸಬಹುದಾಗಿತ್ತು. ಇದು ಹೊರಗಿನ ದಾರಿ. ಅದೂ ಸಾಲದಾಯಿತು. 1987ರ ಮ್ಯಾಕಿಂಟಾಷ್ 2 ಆರು ಸ್ಲಾಟುಗಳೊಂದಿಗೆ ಬಂತು. ಮೂರೇ ವರ್ಷದಲ್ಲಿ ಸೊನ್ನೆಯಿಂದ ಆರಕ್ಕೆ!

ಕಪ್ಪು ಹೂಜಿಯ ಕಥೆ

ಈಗ ಇಪ್ಪತ್ತಾರು ವರ್ಷ ಮುಂದೆ ಬರೋಣ. ಆಪಲ್‌ನ ದೊಡ್ಡ ಕಂಪ್ಯೂಟರಿಗೆ ಆಗ ಮ್ಯಾಕ್ ಪ್ರೊ ಎಂದು ಹೆಸರು. 2006ರಿಂದ ಅದು ಅಲ್ಯೂಮಿನಿಯಂನ ಎತ್ತರದ ಪೆಟ್ಟಿಗೆಯಾಗಿತ್ತು. ಎತ್ತರ 51 ಸೆಂಟಿಮೀಟರ್, ತೂಕ ಸುಮಾರು 18 ಕಿಲೋ. ಒಳಗೆ ನಾಲ್ಕು ಸ್ಲಾಟ್, ನಾಲ್ಕು ಹಾರ್ಡ್ ಡಿಸ್ಕ್‌ಗಳಿಗೆ ಜಾಗ.

2013ರ ಡಿಸೆಂಬರಿನಲ್ಲಿ ಅದರ ಬದಲಿಗೆ ಬೇರೆಯೇ ಒಂದು ಯಂತ್ರ ಬಂತು. ಉರುಳೆಯಾಕಾರ, ಹೊಳೆಯುವ ಕಪ್ಪು ಬಣ್ಣ, 25 ಸೆಂಟಿಮೀಟರ್ ಎತ್ತರ, 17 ಸೆಂಟಿಮೀಟರ್ ಅಗಲ, ತೂಕ 5 ಕಿಲೋ. ನೀರಿನ ಹೂಜಿಯಷ್ಟೇ ಎನ್ನಿ. ಕೆಲವರು ಅದನ್ನು ಕಸದ ಬುಟ್ಟಿ ಎಂದು ಹಾಸ್ಯ ಮಾಡಿದರು. ಆದರೆ ಅದರ ಒಳಗಿನ ವಿನ್ಯಾಸ ನಿಜವಾಗಿಯೂ ಸೊಗಸಾಗಿತ್ತು. ನಡುವೆ ಅಲ್ಯೂಮಿನಿಯಂನ ತ್ರಿಕೋನಾಕಾರದ ಕಂಬ. ಅದರ ಒಂದು ಮುಖಕ್ಕೆ ಪ್ರೊಸೆಸರ್, ಉಳಿದ ಎರಡು ಮುಖಗಳಿಗೆ ಒಂದೊಂದು ಗ್ರಾಫಿಕ್ಸ್ ಹಲಗೆ. ಮೂರರ ಬಿಸಿಯನ್ನೂ ಆ ಕಂಬವೇ ಹೀರಿಕೊಳ್ಳುತ್ತಿತ್ತು. ಮೇಲ್ಭಾಗದಲ್ಲಿದ್ದ ಒಂದೇ ಒಂದು ಫ್ಯಾನ್ ಕೆಳಗಿನಿಂದ ತಣ್ಣನೆಯ ಗಾಳಿಯನ್ನು ಎಳೆದು ಮೇಲಿನಿಂದ ಬಿಸಿಗಾಳಿಯನ್ನು ಹೊರಬಿಡುತ್ತಿತ್ತು. ಸದ್ದು ತೀರ ಕಡಿಮೆ. ಅಡುಗೆಮನೆಯ ಹೊಗೆಗೂಡು ಗೊತ್ತಲ್ಲ, ಅಂಥದೇ ದಾರಿ.

ಸ್ಲಾಟ್ ಎಷ್ಟಿದ್ದವು? ಬೇರೆ ಕಾರ್ಡ್ ಸಿಕ್ಕಿಸಲು ಒಂದೂ ಇರಲಿಲ್ಲ. ಹಿಂಬದಿಯಲ್ಲಿ ಆರು ಥಂಡರ್‌ಬೋಲ್ಟ್ ಪೋರ್ಟ್, ನಾಲ್ಕು ಯುಎಸ್‌ಬಿ ಪೋರ್ಟ್ ಇದ್ದವು. ಬೇಕಾದದ್ದನ್ನೆಲ್ಲ ಹೊರಗೆ ಜೋಡಿಸಿಕೊಳ್ಳಿ ಎಂಬುದು ಅದರ ಅರ್ಥ.

ಕೆಲವರಿಗೆ ಇದು ಚೆನ್ನಾಗಿಯೇ ಹೊಂದಿತು. ಹಾರ್ಡ್ ಡಿಸ್ಕುಗಳ ಪೆಟ್ಟಿಗೆಯನ್ನು ಹೊರಗಿಟ್ಟರೆ ಕಂಪ್ಯೂಟರ್ ಕೆಟ್ಟಾಗಲೂ ಆ ಪೆಟ್ಟಿಗೆಯನ್ನು ಇನ್ನೊಂದಕ್ಕೆ ಸಿಕ್ಕಿಸಿ ಕೆಲಸ ಮುಂದುವರಿಸಬಹುದು. ಅದಕ್ಕೆ ಅದರದೇ ವಿದ್ಯುತ್, ಅದರದೇ ಫ್ಯಾನ್. ಅದರ ಬಿಸಿ ಕಂಪ್ಯೂಟರನ್ನು ಕಾಡುವುದಿಲ್ಲ. ಆದರೆ ಧ್ವನಿಮುದ್ರಣ ಕೇಂದ್ರಗಳಲ್ಲಿ ಹಲವರ ಬಳಿ ಬೆಲೆಬಾಳುವ ಸ್ಲಾಟ್ ಕಾರ್ಡುಗಳು ಮೊದಲೇ ಇದ್ದವು. ಅವುಗಳನ್ನು ಎಸೆಯುವ ಹಾಗಿಲ್ಲ, ಹೂಜಿಯೊಳಗೆ ತುರುಕುವ ಹಾಗೂ ಇಲ್ಲ. ಹಾಗಾಗಿ ಕಾರ್ಡುಗಳಿಗೆಂದೇ ಸ್ಲಾಟುಗಳಿರುವ ಹೊರಗಿನ ಪೆಟ್ಟಿಗೆಯನ್ನು ಬೇರೆಯಾಗಿ ಕೊಳ್ಳಬೇಕಾಯಿತು. ಸಾನೆಟ್ ಎಂಬ ಕಂಪನಿ ಮಾರಿದ ಒಂದು ಪೆಟ್ಟಿಗೆಯಲ್ಲಂತೂ ಮೂರು ಸ್ಲಾಟುಗಳಿದ್ದವು, ಹೂಜಿಯನ್ನೇ ಅದರೊಳಗೆ ಅಡ್ಡಡ್ಡ ಮಲಗಿಸಬೇಕಿತ್ತು. ಚಿಕ್ಕದು ಮಾಡಲು ಹೋಗಿ ಮತ್ತೆ ದೊಡ್ಡ ಪೆಟ್ಟಿಗೆಯೇ ಆಯಿತು! ನನಗಂತೂ ಇದನ್ನು ನೆನೆದಾಗಲೆಲ್ಲ ನಗು ಬರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಬಿಸಿಯದು. ಮುಂದಿನ ದಿನಗಳಲ್ಲಿ ಎರಡು ಸಾಧಾರಣ ಗ್ರಾಫಿಕ್ಸ್ ಹಲಗೆಗಳು ಕೆಲಸವನ್ನು ಹಂಚಿಕೊಳ್ಳುತ್ತವೆ ಎಂದು ಆಪಲ್ ಊಹಿಸಿತ್ತು. ಆದರೆ ಗ್ರಾಫಿಕ್ಸ್ ಕಾರ್ಡ್ ಮಾಡುವವರು ಹಿಡಿದ ದಾರಿ ಬೇರೆ. ಒಂದೇ ಕಾರ್ಡನ್ನು ಬಹಳ ಶಕ್ತಿಶಾಲಿಯಾಗಿ, ಬಹಳ ಬಿಸಿಯಾಗಿ ಮಾಡುತ್ತಾ ಹೋದರು. ತ್ರಿಕೋನದ ಕಂಬ ಮೂರು ಮುಖಗಳಿಂದ ಹೆಚ್ಚುಕಡಿಮೆ ಸಮನಾಗಿ ಬರುವ ಬಿಸಿಗೆ ತಕ್ಕಂತೆ ರೂಪಿಸಿದ್ದು. ಒಂದೇ ಮುಖದಲ್ಲಿ ಕುಲುಮೆ ಹೊತ್ತಿಸಿದರೆ ಅದು ತಡೆಯಲಾರದು. ಹೊರಗಿಡೋಣವೆಂದರೆ ದಾರಿ ಕಿರಿದು. 16,000 ಎಲ್ಲಿ, 2500 ಎಲ್ಲಿ! ಹೊರಗಿನ ಪೆಟ್ಟಿಗೆಯ ಗ್ರಾಫಿಕ್ಸ್ ಕಾರ್ಡಿಗೆ ಆಪಲ್ ಅಧಿಕೃತವಾಗಿ ಅವಕಾಶ ಕೊಟ್ಟದ್ದು 2018ರಲ್ಲಿ. ಅದೂ ಥಂಡರ್‌ಬೋಲ್ಟ್ ಮೂರನೆಯ ಪೀಳಿಗೆಯ ಯಂತ್ರಗಳಿಗೆ ಮಾತ್ರ. ಈ ಹೂಜಿಯಲ್ಲಿ ಇದ್ದದ್ದು ಎರಡನೆಯ ಪೀಳಿಗೆ.

2017ರ ಏಪ್ರಿಲ್‌ನಲ್ಲಿ ಆಪಲ್‌ನ ಹಿರಿಯ ಅಧಿಕಾರಿಗಳು ಕೆಲವು ಪತ್ರಕರ್ತರನ್ನು ಕರೆದು ಮಾತನಾಡಿದರು. ಬಿಸಿಯ ವಿಷಯದಲ್ಲಿ ತಾವೇ ಕಟ್ಟಿಕೊಂಡ ಮೂಲೆಯಲ್ಲಿ ತಾವೇ ಸಿಕ್ಕಿಕೊಂಡೆವು ಎಂಬ ಅರ್ಥದ ಮಾತನ್ನು ಕ್ರೇಗ್ ಫೆಡರಿಗಿ ಎಂಬ ಅಧಿಕಾರಿ ಹೇಳಿದರು. ದೊಡ್ಡ ಕಂಪನಿಗಳು ಹೀಗೆ ಬಾಯಿಬಿಟ್ಟು ಹೇಳುವುದು ಅಪರೂಪ. ಹೊಸ ಯಂತ್ರ ಮಾಡುತ್ತಿದ್ದೇವೆ, ಅದರಲ್ಲಿ ಭಾಗಗಳನ್ನು ಬದಲಾಯಿಸಲು ಆಗುತ್ತದೆ ಎಂದೂ ಅವರು ತಿಳಿಸಿದರು.

ಆ ಹೊಸ ಯಂತ್ರ 2019ರ ಡಿಸೆಂಬರಿನಲ್ಲಿ ಬಂತು. ಮತ್ತೆ ಎತ್ತರದ ಪೆಟ್ಟಿಗೆ! ಮುಂಭಾಗದ ತುಂಬಾ ಗಾಳಿಗಾಗಿ ದೊಡ್ಡ ದೊಡ್ಡ ತೂತುಗಳು. ಮೇಲಿನ ಹಿಡಿಯನ್ನು ತಿರುಗಿಸಿ ಎತ್ತಿದರೆ ಇಡೀ ಹೊದಿಕೆ ಮೇಲಕ್ಕೆ ಬಂದು ಒಳಗಿನದೆಲ್ಲ ಕಾಣುತ್ತಿತ್ತು. ಸ್ಲಾಟುಗಳು ಎಂಟು. ವೋಜ್ನಿಯಾಕ್ ಹಟ ಹಿಡಿದಿದ್ದ ಅದೇ ಎಂಟು. ವಿದ್ಯುತ್ ಒದಗಿಸುವ ಭಾಗದ ಸಾಮರ್ಥ್ಯ 1400 ವಾಟ್. ಹೂಜಿಯದು 450 ವಾಟ್ ಇತ್ತು. ಮನೆಯಲ್ಲಿ ನೀರು ಕಾಯಿಸಲು ಬಕೆಟ್ಟಿಗೆ ಹಾಕುವ ಹೀಟರ್ ಸುಮಾರು 1000ದಿಂದ 1500 ವಾಟ್ ಇರುತ್ತದೆ. ಆ ಪೆಟ್ಟಿಗೆಯಿಂದ ಹೊರಗೆ ಸಾಗಿಸಬೇಕಾದ ಬಿಸಿ ಎಷ್ಟಿರಬಹುದೆಂದು ನೀವೇ ಊಹಿಸಿ. ಒಳಗೆ ಬೆಳೆಸುವುದಕ್ಕೆ ತೆರಬೇಕಾದ ಬೆಲೆ ಇದು. ಮುಂದೆಂದೋ ಬರುವ ಕಾರ್ಡುಗಳಿಗೆ ಬೇಕಾಗಬಹುದಾದ ಜಾಗ, ವಿದ್ಯುತ್, ಗಾಳಿ ಎಲ್ಲಕ್ಕೂ ಇಂದೇ ಹಣ ಕೊಡಬೇಕು. ಅದರ ಆರಂಭದ ಬೆಲೆ 5,999 ಡಾಲರ್. ಹೂಜಿಯದು 2,999 ಡಾಲರ್ ಇತ್ತು. ಎಂಟು ಸ್ಲಾಟುಗಳನ್ನೂ ತುಂಬದವರೂ ಆ ಖಾಲಿ ಜಾಗಕ್ಕೆ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು.

ಇನ್ನೂ ಒಳಗೆ

ವಾದ ಇಲ್ಲಿಗೇ ಮುಗಿಯಿತೆಂದು ತಿಳಿಯಬೇಡಿ. ಹತ್ತಿರವಿದ್ದಷ್ಟೂ ವೇಗ ಎಂದು ಮೊದಲೇ ನೋಡಿದೆವಲ್ಲ, ಅದನ್ನೇ ಇನ್ನೂ ಮುಂದಕ್ಕೆ ಎಳೆದರೆ? ಸ್ಲಾಟಿಗಿಂತಲೂ ಹತ್ತಿರವಾದ ಜಾಗ ಪ್ರೊಸೆಸರಿನ ಪಕ್ಕವೇ. 2023ರಲ್ಲಿ ಬಂದ ಮ್ಯಾಕ್ ಪ್ರೊ ಹೊರಗಿನಿಂದ 2019ರದರಂತೆಯೇ ಕಾಣುತ್ತಿತ್ತು. ಆದರೆ ಅದರಲ್ಲಿ ಗ್ರಾಫಿಕ್ಸ್ ಭಾಗ ಪ್ರೊಸೆಸರಿನೊಳಗೇ ಸೇರಿತ್ತು, ಮೆಮೊರಿಯೂ ಅದಕ್ಕೆ ಅಂಟಿಕೊಂಡೇ ಇತ್ತು. ಇವೆರಡರ ನಡುವೆ ಸೆಕೆಂಡಿಗೆ 800 ಗಿಗಾಬೈಟ್ ಮಾಹಿತಿ ಓಡಾಡಬಹುದಿತ್ತು. ಮೇಲೆ ಹೇಳಿದ ಸ್ಲಾಟಿನ ಐವತ್ತು ಪಟ್ಟು!

ಆದರೆ ಹೀಗೆ ಅಂಟಿಕೊಂಡದ್ದನ್ನು ಬಿಡಿಸಿ ಬೇರೆ ಹಾಕಲಾಗದು. 2019ರ ಯಂತ್ರದಲ್ಲಿ ಮೆಮೊರಿಗೆಂದೇ 12 ಸ್ಲಾಟುಗಳಿದ್ದು, ಕಾಲಕ್ರಮದಲ್ಲಿ 1.5 ಟೆರಾಬೈಟಿನವರೆಗೆ, ಅಂದರೆ 1500 ಗಿಗಾಬೈಟಿಗೂ ಮೇಲೆ ಬೆಳೆಸಬಹುದಿತ್ತು. 2023ರ ಯಂತ್ರದಲ್ಲಿ ಹೆಚ್ಚೆಂದರೆ 192 ಗಿಗಾಬೈಟ್. ಅದನ್ನೂ ಕೊಳ್ಳುವ ದಿನವೇ ಆರಿಸಿಕೊಳ್ಳಬೇಕು. ಕಾರ್ಡುಗಳಿಗೆ ಏಳು ಸ್ಲಾಟುಗಳೇನೋ ಇದ್ದವು. ಆದರೆ ಅವುಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕೆಲಸ ಮಾಡುತ್ತಿರಲಿಲ್ಲ. ಅದೇ ಪ್ರೊಸೆಸರ್, ಸ್ಲಾಟುಗಳಿಲ್ಲದ ಮ್ಯಾಕ್ ಸ್ಟುಡಿಯೊ ಎಂಬ ಚಿಕ್ಕ ಪೆಟ್ಟಿಗೆಯಲ್ಲೂ ಸಿಗುತ್ತಿತ್ತು. ನಮ್ಮ ಟಿಫನ್ ಡಬ್ಬಿಗಿಂತ ಸ್ವಲ್ಪ ಅಗಲ, ಎತ್ತರ ಹತ್ತು ಸೆಂಟಿಮೀಟರಿಗಿಂತ ಕಡಿಮೆ. ಹಾಗಾದರೆ ಏಳು ಸ್ಲಾಟುಗಳ ದೊಡ್ಡ ಪೆಟ್ಟಿಗೆ ಯಾರಿಗೆ ಬೇಕು? ಧ್ವನಿ ಕಾರ್ಡುಗಳು, ದೃಶ್ಯವನ್ನು ಒಳತರುವ ಕಾರ್ಡುಗಳು, ವೇಗದ ನೆಟ್‌ವರ್ಕ್ ಕಾರ್ಡುಗಳು ಇರುವವರಿಗೆ. ಉಳಿದವರಿಗೆ ಚಿಕ್ಕದೇ ಸಾಕಾಗುತ್ತಿತ್ತು.

ಬೇರೆ ಕಂಪನಿಗಳ ದೊಡ್ಡ ಕಂಪ್ಯೂಟರುಗಳಲ್ಲಿ, ಉದಾಹರಣೆಗೆ ಎಚ್‌ಪಿ ಮತ್ತು ಡೆಲ್‌ಗಳ ವರ್ಕ್‌ಸ್ಟೇಷನ್‌ಗಳಲ್ಲಿ, ಗ್ರಾಫಿಕ್ಸ್ ಕಾರ್ಡುಗಳನ್ನು ಒಳಗಿನ ಸ್ಲಾಟುಗಳಲ್ಲೇ ಕೂರಿಸುವ ಪದ್ಧತಿ ಈಗಲೂ ಇದೆ. ಇನ್ನೊಂದು ಕಡೆ ಹೊರಗಿನ ದಾರಿಯೂ ಅಗಲವಾಗುತ್ತಲೇ ಬಂದಿದೆ. 2023ರಲ್ಲಿ ಪ್ರಕಟವಾದ ಥಂಡರ್‌ಬೋಲ್ಟ್ ಐದನೆಯ ಪೀಳಿಗೆಯ ವೇಗ ಸೆಕೆಂಡಿಗೆ 8000 ಕೋಟಿ ಬಿಟ್, ಹೂಜಿಯ ಕಾಲದ ನಾಲ್ಕು ಪಟ್ಟು. ಅಷ್ಟರಲ್ಲಿ ಸ್ಲಾಟುಗಳ ವೇಗವೂ ನಾಲ್ಕು ಪಟ್ಟು ಏರಿತ್ತು. ಹೊರಗಿನದು ಓಡಿ ಓಡಿ ಬರುವಷ್ಟರಲ್ಲಿ ಒಳಗಿನದು ಮತ್ತೂ ಮುಂದೆ ಹೋಗಿರುತ್ತದೆ.

ನೀವೇ ಮಾಡಿ ನೋಡಿ

1. ಶಿಕ್ಷಕರ ಅನುಮತಿ ಪಡೆದು ಶಾಲೆಯ ಕಂಪ್ಯೂಟರಿನ ಹಿಂಭಾಗದ ಚಿತ್ರ ಬರೆಯಿರಿ. ಎಷ್ಟು ತಗಡಿನ ಪಟ್ಟಿಗಳು ಮುಚ್ಚಿವೆ? ಎಷ್ಟು ಕಿಟಕಿಗಳಲ್ಲಿ ಕಾರ್ಡಿನ ತುದಿ ಇಣುಕುತ್ತಿದೆ? ಯಾವ ಯಾವ ಪೋರ್ಟ್‌ಗಳಿವೆ? ಕ್ಯಾಬಿನೆಟ್ ಬಿಚ್ಚಬೇಡಿ. ತೂತುಗಳಲ್ಲಿ ಪಿನ್ನು, ಕಡ್ಡಿ ಹಾಕಬೇಡಿ.

2. ಒಂದೂವರೆ ಗಂಟೆಯ ಸಿನಿಮಾ ಇದೆ. ಸೆಕೆಂಡಿಗೆ 600 ಮೆಗಾಬೈಟಿನಂತೆ ಅದು ಒಟ್ಟು ಎಷ್ಟು ಮೆಗಾಬೈಟ್ ಆಗುತ್ತದೆ? ಅದನ್ನು ಪೂರ್ತಿ ಸಾಗಿಸಲು ಯುಎಸ್‌ಬಿ 2.0, ಥಂಡರ್‌ಬೋಲ್ಟ್ ಎರಡನೆಯ ಪೀಳಿಗೆ, 16 ದಾರಿಯ ಸ್ಲಾಟ್ ಇವುಗಳಿಗೆ ಎಷ್ಟೆಷ್ಟು ಸಮಯ ಬೇಕು? ಎಲ್ಲವೂ ಗರಿಷ್ಠ ವೇಗದಲ್ಲಿ ನಡೆಯುತ್ತವೆ ಎಂದೇ ಲೆಕ್ಕ ಮಾಡಿ.

3. ಅದೇ ಸಿನಿಮಾ ಒಂದು ಹಾರ್ಡ್ ಡಿಸ್ಕಿನಲ್ಲಿದೆ. ಆ ಡಿಸ್ಕ್ ಸೆಕೆಂಡಿಗೆ 200 ಮೆಗಾಬೈಟ್ ಮಾತ್ರ ಕೊಡಬಲ್ಲದು. ಈಗ ಥಂಡರ್‌ಬೋಲ್ಟ್ ಕೇಬಲಿಗೂ ಸ್ಲಾಟಿಗೂ ಸಮಯದಲ್ಲಿ ಎಷ್ಟು ವ್ಯತ್ಯಾಸ?

ಉತ್ತರಗಳು: ಎರಡನೆಯ ಪ್ರಶ್ನೆಗೆ: ಒಟ್ಟು 32,40,000 ಮೆಗಾಬೈಟ್. ಯುಎಸ್‌ಬಿಗೆ 15 ಗಂಟೆ, ಥಂಡರ್‌ಬೋಲ್ಟ್‌ಗೆ ಸುಮಾರು 22 ನಿಮಿಷ, ಸ್ಲಾಟಿಗೆ ಸುಮಾರು ಮೂರೂವರೆ ನಿಮಿಷ. ಮೂರನೆಯ ಪ್ರಶ್ನೆಗೆ: ವ್ಯತ್ಯಾಸವಿಲ್ಲ, ಎರಡಕ್ಕೂ ನಾಲ್ಕೂವರೆ ಗಂಟೆ.